ಎರಡೂವರೆ ಬಕೆಟ್ ಹಿಟ್ಟು

ಮೊದಲ ದಿನವೇ ರಿಹಾನ ಮತ್ತು ಮುಶರಫ ಅರ್ಧ ಬಕೆಟ್ ಇಡ್ಲಿ ಹಿಟ್ಟಿಗಾಗಿ ಜಗಳವಾಡಿದರು. ಇಬ್ಬರ ಮನೆಯವರೂ ವಿಜಯಪುರದ ಕಡೆಯವರಾದ್ದರಿಂದ ಜಗಳ ಕನ್ನಡದಲ್ಲಿ ಸೊಗಸಾಗಿಯೇ ಸಾಗಿತು.

ಮುಶರಫ ಮುಂಬೈಯ ಸಯನ್‌ನ ಹೋಟೆಲ್ ಮಾಲಿಕರ ಆಫೀಸಿನವನು. ಅವರ ಹೋಟೆಲುಗಳಿಗೆ ನಾಳೆ ಎಷ್ಟು ಹಿಟ್ಟು ಬೇಕೆಂದು ಹೇಳುವ ಪ್ರೋಗ್ರಾಮನ್ನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವನು ಅವನೇ. ಅದನ್ನು ಪೈಥಾನ್ ಭಾಷೆಗೆ ಬದಲಿಸುವ ಕೆಲಸ ಮಲಾಡ್‌ನ ಕಂಪನಿಯ ರಿಹಾನಳದು. ಹಳೆಯದು, ಹೊಸದು ಎರಡನ್ನೂ ಓಡಿಸಿ, ಉತ್ತರಗಳು ಒಂದೇ ಬರುವವರೆಗೆ ಅವನು ಅವಳ ಪಕ್ಕ ಕೂರಬೇಕು.

“ಎರಡೂವರೆ ಬಕೆಟ್ ಅಂದ್ರ ನಮ್ಮ ಜಾವಾ ಮೂರು ಅಂತದ. ನಿಮ್ಮ ಪೈಥಾನ್ ಎರಡು ಅಂತದ. ಭಾಳ ಜಿಪುಣ ಅದ್ರೀ.”

“ಜಿಪುಣ ಅಲ್ಲ. ಅರ್ಧಾ ಬಂದಾಗ ಹತ್ತಿರದ ಸಮಸಂಖ್ಯೆ ಹಿಡೀತದ. ಮೂರೂವರೆ ಕೊಡ್ರಿ, ನಾಲ್ಕು ಅಂತದ. ಫೇರ್ ಹೈ ನಾ?”

“ಇಡ್ಲಿ ತಿನ್ಲಿಕ್ಕ ಬಂದಂವಗ ಫೇರ್ ಬಡಸ್ತೀರೇನು?”

ನಗು ಕಾಣಿಸಬಾರದೆಂದು ರಿಹಾನ ಕೀಬೋರ್ಡಿನತ್ತ ಬಾಗಿದಳು. ಅಂದೇ ಪೈಥಾನ್‌ಗೆ ಅರ್ಧವನ್ನು ಪೂರ್ತಿ ಎಂದು ಎಣಿಸಲು ಕಲಿಸಿದಳು.

ಎಸಿ ಗಾಳಿ ನೇರ ಹೊಡೆಯುವ ಕುರ್ಚಿಯನ್ನು, ಅವಳಿಗೆ ತಾಗದಿರಲೆಂದು, ಮುಶರಫ ತಾನೇ ಆರಿಸಿಕೊಂಡು ಸೀನುತ್ತಿದ್ದ. ಅವಳು ಕೆಲಸದಲ್ಲಿ ಚಹಾ ಮರೆತರೆ, ಮಾತಿಲ್ಲದೆ ಕಪ್ಪಿನ ಮೇಲೆ ಬಸಿ ಮುಚ್ಚುತ್ತಿದ್ದ. ಒಂದೊಂದೇ ವ್ಯತ್ಯಾಸ ಕರಗಿದಂತೆ, ಅವನು ಬರುವ ದಿನಗಳೂ ಮುಗಿಯುತ್ತಿವೆ ಎಂದು ರಿಹಾನಳ ಹಸಿವೂ ಕರಗಿತು.

“ನಾಳೆ ಶುಕ್ರವಾರ ಕೊನೇ ಟೆಸ್ಟ್,” ಎಂದರು ಮ್ಯಾನೇಜರ್ ವಿನೋದಿನಿ ಮೇಡಂ. “ಎರಡೂ ಒಂದೇ ಬಂದ್ರೆ ಮುಶರಫ್ ಇನ್ನು ಇಷ್ಟು ದೂರ ಬರುದು ಬೇಡ.”

ಮರುದಿನ ಅವನು ಬರುವ ಮೊದಲೇ ರಿಹಾನ ಪೈಥಾನ್‌ಗೆ ಅದರ ಹಳೆಯ ಲೆಕ್ಕವನ್ನೇ ಮರಳಿಸಿದಳು. ಒಂದು ತಪ್ಪು ಸಿಕ್ಕರೆ ಅವನು ಇನ್ನೊಂದು ದಿನ ಬಂದಾನು.

ಟೆಸ್ಟ್ ಓಡಿತು. ಪರದೆಯ ಮೇಲೆ ಮೂಡಿತು: ವ್ಯತ್ಯಾಸ ಇಲ್ಲ.

“ಶಾಬಾಶ್. ಹೋಟೆಲಿಗೆ ಹೇಳಿಬಿಡುವಾ,” ಎಂದು ಮೇಡಂ ಫೋನ್ ಹಿಡಿದು ಹೊರನಡೆದರು.

“ಇದು ಹೆಂಗ ಸಾಧ್ಯ?” ಎಂದರು ಇಬ್ಬರೂ ಒಟ್ಟಿಗೆ.

“ನಿಮಗ್ಯಾಕ ಆಶ್ಚರ್ಯ?” ಎಂದಳು ರಿಹಾನ.

ಮುಶರಫನ ಕಿವಿ ಕೆಂಪಾಯಿತು. “ದಾದರ್‌ನ್ಯಾಗ ಟ್ರೇನ್ ಸೀಟ್ ಸಿಕ್ತು. ಲ್ಯಾಪ್‌ಟಾಪ್ ತೆಗದು ನಮ್ಮ ಜಾವಾಕ್ಕ ಪೈಥಾನ್ ಲೆಕ್ಕ ಕಲಿಸೀನಿ. ಎರಡೂವರೆಗೆ ಎರಡು.”

“ಯಾಕ?”

“ಟೆಸ್ಟ್ ಫೇಲ್ ಆದ್ರ ಸೋಮವಾರನೂ ಬರಬಹುದಲ್ಲ ಅಂತ. ನೀವೇನು ಮಾಡೀರಿ?”

“ಪೈಥಾನ್ ಹಳೇ ಬುದ್ಧಿ ವಾಪಸ್ ಕೊಟ್ಟೀನಿ,” ಎಂದವಳ ದನಿ ಅವಳಿಗೇ ಕೇಳಿಸಲಿಲ್ಲ.

ಹೊರಗಿನಿಂದ ಮೇಡಂ ಮಾತು ತೇಲಿಬಂತು: “ಹಲೋ, ನಾಳೆಯಿಂದ ಹೊಸ ಪ್ರೋಗ್ರಾಮ್...” ನಾಳೆ ಎರಡೂವರೆ ಬಕೆಟ್ ಬೇಕಿರುವ ಜೋಗೇಶ್ವರಿಯ ಹೋಟೆಲಿನಲ್ಲಿ ಒಂದು ಬಕೆಟ್ ಹಿಟ್ಟು ಕಡಿಮೆ ಬೀಳುತ್ತದೆ. ರಿಹಾನ ಬಾಗಿಲಿಗೆ ಓಡಿದಳು.

“ಮೇಡಂ, ನಿಲ್ರಿ. ಎರಡೂ ತಪ್ಪವ.”

ವಿನೋದಿನಿ ಮೇಡಂ ಒಬ್ಬಳ ಮುಖ, ಇನ್ನೊಬ್ಬನ ಕಿವಿ ನೋಡಿದರು. “ಸರಿ ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕು?”

“ಐದು ನಿಮಿಷ,” ಎಂದಳು ರಿಹಾನ.

“ಸೋಮವಾರದ ತನಕ,” ಎಂದ ಮುಶರಫ.

“ಐದು ನಿಮಿಷದಲ್ಲಿ ಮುಗಿಸಿ. ಸೋಮವಾರ ಇಬ್ರೂ ಎಲ್ಲಿಯಾದ್ರೂ ಊಟಕ್ಕೆ ಹೋಗಿ. ಅದಕ್ಕೆ ಪ್ರೋಗ್ರಾಮ್ ಯಾಕೆ?” ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

ಇಬ್ಬರೂ ತಂತಮ್ಮ ತಪ್ಪು ಅಳಿಸಲು ಕೂತರು.

“ನೀವು ಯಾಕ ಹಂಗ ಮಾಡೀರಂತ ಪೂರ್ತಿ ಹೇಳ್ಲಿಲ್ಲ,” ಎಂದ ಮುಶರಫ.

“ಅರ್ಧಾ ಹೇಳೀನಲ್ಲ.”

“ನಾನು ಜಾವಾದಂವ. ನನಗ ಅರ್ಧಾ ಅಂದ್ರ ಪೂರ್ತಿ. ನಿಮ್ಮ ಪೈಥಾನ್ ಏನಂತದ?”

ರಿಹಾನ ಕೊನೆಯ ಕೀಲಿ ಒತ್ತಿದಳು. “ಈಗ ಅದೂ ಹಂಗ ಅಂತದ,” ಎಂದು, ಆರುತ್ತಿದ್ದ ಅವನ ಚಹಾದ ಮೇಲೆ ಬಸಿ ಮುಚ್ಚಿದಳು.