ಎರಡು ಅಂಕ ಕೊಟ್ಟವಳು

ಸಚಿವಾಲಯದ ಕ್ಯಾಂಟೀನಿನಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ. ಅವಳು ಟ್ರೇ ಹಿಡಿದು ಬಂದು ಅವನೆದುರು ಕೂತಳು. ಆಡಳಿತದಲ್ಲಿ ಕೃತಕ ಬುದ್ಧಿಮತ್ತೆ ಬಳಸಲು ದೇಶ ಎಷ್ಟು ಸಿದ್ಧವಾಗಿದೆ ಎಂದು ಅಳೆಯಲು ಬಂದ ಸಮೀಕ್ಷಕಿ ಅವಳು. ಕಂಕುಳಲ್ಲಿ ಆ ಬಳಕೆಗಾಗಿಯೇ ಮಾಡಿದ ಹೊಸ ಕಾನೂನಿನ ಪ್ರತಿ.

"ಇದನ್ನ ಬರೆದವರು ಯಾರೋ ಪುಣ್ಯಾತ್ಮ," ಎಂದಳು. "ಭಾಷೆ ಚೆನ್ನಾಗಿದೆ. ಆದರೆ ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಿದೆ. ಜಾರಿ ಮಾಡೋರೇ ಇಲ್ಲ."

"ಭಾಷೆ ಚೆನ್ನಾಗಿದೆ ಅಂದ್ರಲ್ಲ, ಅಷ್ಟು ಸಾಕು. ಆ ಪುಣ್ಯಾತ್ಮ ನಾನೇ."

ಅವಳ ಚಮಚ ತಟ್ಟೆಯ ಅಂಚಿನಲ್ಲೇ ನಿಂತಿತು. ಕ್ಷಮೆ ಕೇಳುತ್ತಾಳೆ ಎಂದುಕೊಂಡ. ಕೇಳಲಿಲ್ಲ. ತುಟಿಯ ತುದಿಯಲ್ಲಿ ನಗು ತಡೆದಳು, ಅಷ್ಟೇ.

ಕಾನೂನುಗಳ ಕರಡು ಬರೆಯುವ ಅವನಿಗೆ ಇಲಾಖೆಯಲ್ಲಿ 'ಕರಡು ಸಾಹೇಬ' ಎಂದೇ ಹೆಸರು. ವಾಸ ಅಕ್ಕ-ಭಾವನ ಮನೆಯ ಮಹಡಿಯಲ್ಲಿ.

"ಊಟಕ್ಕೆ ಕೂತು ಯಾಕೋ ಒಬ್ಬನೇ ನಗ್ತಿದ್ದೀಯ?" ಎಂದಳು ಅಕ್ಕ ಆ ರಾತ್ರಿ.

"ಕಾನೂನಿನ ವಿಷಯ."

"ಕಾನೂನಿಗೆ ಮದುವೆ ಆಗಿದೆಯಾ, ಕೇಳು."

ಮುಂದಿನ ವಾರಗಳಲ್ಲಿ ಇಬ್ಬರೂ ಕಲಂ ಕಲಂಗೂ ಜಗಳವಾಡಿದರು. ಜಗಳ ಮುಗಿದರೂ ಚಹಾ ಮುಗಿಯುತ್ತಿರಲಿಲ್ಲ.

"ಕಂಪ್ಯೂಟರ್ ಅರ್ಜಿ ತಳ್ಳಿಹಾಕಿದರೆ ಕಾರಣ ಕೇಳೋ ಹಕ್ಕು ಕೊಟ್ಟಿದ್ದೀನಲ್ಲ?"

"ಯಾರನ್ನ ಕೇಳಬೇಕು?"

"ಕಚೇರಿಯವರನ್ನ."

"ಬನ್ನಿ, ಕೇಳಿ ನೋಡೋಣ."

ಸರ್ಕಾರಿ ಮನೆ ಹಂಚುವ ಕಚೇರಿಗೆ ಕರೆದೊಯ್ದಳು. ಅಲ್ಲೊಬ್ಬ ನರ್ಸ್ ತನ್ನ ಅರ್ಜಿ ಯಾಕೆ ಬಿದ್ದುಹೋಯಿತೆಂದು ಕೇಳುತ್ತಿದ್ದಳು. "ಸಿಸ್ಟಮ್ ಬೇಡ ಅಂದಿದೆ, ಅಮ್ಮ," ಎಂದ ಗುಮಾಸ್ತ. ಕರಡು ಸಾಹೇಬ ಮುಂದೆ ಹೋಗಿ ಕಾನೂನಿನ ಮಾತೆತ್ತಿದ. ಗುಮಾಸ್ತ ಪಕ್ಕದ ಕಿಟಕಿ ತೋರಿಸಿದ, ಅಲ್ಲಿಯವರು ಮಹಡಿ ತೋರಿಸಿದರು, ಮಹಡಿಯವರು ಅದೇ ಗುಮಾಸ್ತನ ಬಳಿ ಕಳಿಸಿದರು.

"ನಿಮ್ಮ ಅರ್ಜಿನೂ ಬಿತ್ತಾ, ಸರ್?" ಎಂದು ನರ್ಸ್ ಕನಿಕರದಿಂದ ಕೇಳಿದಳು.

ವಾಪಸು ಬರುವಾಗ ಅವಳು 'ನಾನು ಹೇಳಿರಲಿಲ್ಲವಾ' ಎನ್ನಲಿಲ್ಲ. ಅವನ ಪ್ರೀತಿ ಗಟ್ಟಿಯಾದದ್ದು ಆ ಮೌನದಿಂದ.

ವರದಿಯಲ್ಲಿ ಅವಳು ಆ ಕಾನೂನಿಗೆ ಐದಕ್ಕೆ ಎರಡು ಅಂಕ ಕೊಟ್ಟಳು. ಕಾರ್ಯದರ್ಶಿ ಸಭೆ ಕರೆದರು.

"ನೆರೆಯ ದೇಶಕ್ಕೆ ಮೂರು ಬಂದಿದೆ. ನಮಗೂ ಮೂರು ಮಾಡಿ, ಇಲ್ಲಾಂದ್ರೆ ಬೇರೆಯವರ ಕೈಲಿ ಬರೆಸ್ತೀವಿ. ಏನ್ರೀ ಕರಡು, ಹೇಳ್ರೀ ಅವರಿಗೆ."

ಅವಳು ಅವನತ್ತ ನೋಡಲಿಲ್ಲ.

"ಎರಡೇ ಸರಿ, ಸರ್," ಎಂದ. "ಕಾರಣ ಕೇಳೋಕೆ ನಾನೇ ಹೋಗಿದ್ದೆ. ಹೇಳೋರು ಯಾರೂ ಇರಲಿಲ್ಲ. ನನ್ನ ಮಾತು ಕಡತಕ್ಕೆ ಸೇರಲಿ."

ಕಾನೂನು ಬರೆದವನೇ ಹಾಗೆಂದ ಮೇಲೆ ಅಂಕ ತಿದ್ದುವ ಧೈರ್ಯ ಯಾರಿಗೂ ಬರಲಿಲ್ಲ. ಅವನಿಗೆ ಬರಬೇಕಿದ್ದ ಬಡ್ತಿ ಮಾತ್ರ ಇನ್ನೊಬ್ಬರ ಪಾಲಾಯಿತು.

ಸಭೆ ಮುಗಿದು ಹೊರಬಂದಾಗ ಕಾರಿಡಾರಿನಲ್ಲಿ ಅವನು ಸುತ್ತಿಬಳಸದೆ ಹೇಳಿದ: "ನಿಮ್ಮನ್ನ ಮದುವೆ ಆಗಬೇಕು ಅಂತ ಆಸೆ ಇದೆ."

"ವರದಿ ಹೊರಗೆ ಬರೋವರೆಗೂ ನಾನು ನಿಮ್ಮ ಕೆಲಸ ಅಳೆಯೋಳು. ಅಲ್ಲೀತನಕ ಏನೂ ಹೇಳಲ್ಲ. ಆ ಅಂಕಕ್ಕೆ ಕೊಳೆ ಹತ್ತಬಾರದು."

ಹೇಳುತ್ತಲೇ, ಅವನ ಕೊರಳಲ್ಲಿ ತಿರುಗಿಕೊಂಡಿದ್ದ ಗುರುತಿನ ಚೀಟಿಯನ್ನು ನೇರ ಮಾಡಿದಳು. ಬೆರಳುಗಳು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಅಲ್ಲೇ ಉಳಿದವು.

ವರದಿ ಪ್ರಕಟವಾದ ಸಂಜೆ ಅಕ್ಕ ಬಾಗಿಲು ತೆರೆದಾಗ ಅವಳು ನಿಂತಿದ್ದಳು.

"ಇವತ್ತಿಂದ ನಿಮ್ಮ ತಮ್ಮನ ಇಲಾಖೆಗೂ ನನಗೂ ಸಂಬಂಧ ಇಲ್ಲ, ಅಕ್ಕ. ಅದಕ್ಕೇ ಬಂದೆ."

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮಹಡಿಯತ್ತ ಕೂಗಿದಳು: "ಇಳಿದು ಬಾರೋ. ಸಂಬಂಧ ಕೇಳ್ಕೊಂಡು ಹುಡುಗಿನೇ ಬಂದಿದ್ದಾಳೆ."

ಅವನು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದ.