ನಾನೂರು ಗ್ರಾಂ ಕಡಿಮೆ

ಸುಕೇಶ್ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ "ನಿಮ್ಮ ತೂಕ ಎಷ್ಟು?"

ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಮಸ್ಕತ್‌ನ ಸೀಬ್ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ, ಸೀಸನ್ನಿನ ಮೊದಲ ಶುಕ್ರವಾರ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು ತಲೆಯೆತ್ತದೆ ಕೇಳಿದ. ನನಗೆ ಉರಿದುಹೋಯಿತು.

"ಯಾಕ್ರೀ? ನನ್ನ ತೂಕ ಕಟ್ಕೊಂಡು ನಿಮಗೇನಾಗ್ಬೇಕು?"

"ನನಗೆ ಎಂತ ಇಲ್ಲ ಮಾರಾಯ್ರೆ. ಕಾರಿಗೆ ಬೇಕು."

"ಹಾಗಾದ್ರೆ ಕಾರೇ ಕೇಳ್ಲಿ."

ಆಗ ತಲೆಯೆತ್ತಿದ. ನಗಬಾರದೆಂದು ತುಟಿ ಕಚ್ಚಿಕೊಂಡಿದ್ದ. ಆದರೂ ಕೆನ್ನೆಯಲ್ಲಿ ಗುಳಿ ಬಿದ್ದುಬಿಟ್ಟಿತ್ತು. "ಹೋಗ್ಲಿ, ಅಂದಾಜು ಹೇಳ್ಲಾ? ಐವತ್ತೆರಡು."

ಸರಿಯಾಗಿಯೇ ಹೇಳಿದ್ದ. ಅದಕ್ಕೆ ಇನ್ನಷ್ಟು ಕೋಪ ಬಂತು.

ನಮ್ಮದು ಒಂದೇ ಸೀಟಿನ, ಚಕ್ರಗಳು ಹೊರಗಿರುವ ಪುಟ್ಟ ಕಾರು. ಜೂನಿಯರ್ ನ್ಯಾಷನಲ್ ಚಾಂಪಿಯನ್‌ಷಿಪ್. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆರು ರೇಸು. ನಿಯಮ ಸರಳ. ರೇಸ್ ಮುಗಿದ ಕೂಡಲೇ ಕಾರನ್ನೂ ಡ್ರೈವರನ್ನೂ ಒಟ್ಟಿಗೆ ತೂಗುತ್ತಾರೆ. ಎರಡೂ ಸೇರಿ ನಾನೂರ ಎಂಬತ್ತು ಕೆ.ಜಿ.ಗಿಂತ ಕಡಿಮೆಯಾದರೆ ಗೆದ್ದದ್ದೂ ಗೆದ್ದ ಹಾಗಲ್ಲ. ಡ್ರೈವರ್ ನನ್ನಂತೆ ಸಣ್ಣಗಿದ್ದರೆ ಸೀಟಿನ ಕೆಳಗೆ ಸೀಸದ ತಟ್ಟೆಗಳನ್ನು ಬಿಗಿದು ತೂಕ ಸರಿಮಾಡಬೇಕು. ಜಾಸ್ತಿ ಬಿಗಿದರೆ ಕಾರು ನಿಧಾನ. ಹಾಗಾಗಿ ಸುಕೇಶ್ ಲೆಕ್ಕ ಹಾಕಿ ಬರೀ ಒಂದು ಕೆ.ಜಿ. ಹೆಚ್ಚಿಗೆ ಇಡುತ್ತಿದ್ದ.

ಅದಕ್ಕೇ ಪ್ರತಿ ರೇಸಿನ ಬೆಳಿಗ್ಗೆ ನಾನು ಕಾರು ಸಜ್ಜು ಮಾಡುವ ಪಿಟ್‌ನಲ್ಲಿದ್ದ ತಕ್ಕಡಿ ಹತ್ತಬೇಕಿತ್ತು. ಅವನು ಅಂಕಿ ನೋಡಿ, ಬಿಳಿ ಟೇಪಿನ ಮೇಲೆ ಬರೆದು, ಕಾರಿನ ಒಳಮೈಗೆ ಅಂಟಿಸುತ್ತಿದ್ದ. ಮೊದಲೆರಡು ರೇಸಿನಲ್ಲಿ ಬರೀ ಅಂಕಿ. ಮೂರನೆಯದರಲ್ಲಿ ಅಂಕಿಯ ಜೊತೆ ಒಂದು ಮಾತೂ ಬಂತು.

"ಮುನ್ನೂರು ಗ್ರಾಂ ಕಡಿಮೆ ಉಂಟು. ನಿನ್ನೆ ಸರಿ ಊಟ ಮಾಡ್ಲಿಲ್ಲ ನೀವು."

"ಇಂಟರ್ನಲ್ಸ್ ಇತ್ತು. ಓದ್ಕೋತಿದ್ದೆ."

ನಾಲ್ಕನೆಯ ರೇಸಿಗೆ ಬರುವಾಗ ಅಲ್ ಖುವೈರಿನ ಹೋಟೆಲಿನಿಂದ ಬಿಸಿಬಿಸಿ ಬನ್ಸ್ ಕಟ್ಟಿಸಿಕೊಂಡು ಬಂದ. "ಕಾರಿನ ಬ್ಯಾಲೆನ್ಸಿಗೆ," ಎಂದ ಗಂಭೀರವಾಗಿ. ನಾನು ಎರಡು ತಿಂದೆ. ಮೂರನೆಯದನ್ನು ಅವನು ನನ್ನ ಕಡೆ ದೂಡಿ, ಏನೂ ಗೊತ್ತಿಲ್ಲದವನಂತೆ ಟೈರು ಉಜ್ಜುತ್ತಾ ನಿಂತ.

ಕಾರಿನಲ್ಲಿ ಕೂತ ಮೇಲೆ ಬೆಲ್ಟ್ ಬಿಗಿಯುವುದು ಅವನ ಕೆಲಸ. ಆಗ ಅವನ ಮುಖ ಒಂದು ಗೇಣು ದೂರದಲ್ಲಿರುತ್ತಿತ್ತು. ಅವನ ಕಣ್ಣು ಮಾತ್ರ ಬಕಲ್ ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ. ನನ್ನ ಹೆಲ್ಮೆಟ್ಟಿನ ಗಾಜು ಕಪ್ಪು. ಒಳಗಿನಿಂದ ನಾನು ಎಷ್ಟು ನೋಡಿದರೂ ಅವನಿಗೆ ಕಾಣದು. ಹುಬ್ಬಿನ ಮೇಲಿನ ಗ್ರೀಸ್, ಗಡ್ಡದ ಹತ್ತಿರದ ಸಣ್ಣ ಮಚ್ಚೆ, ಎಲ್ಲವನ್ನೂ ನಾನು ಹಾಗೆ ಕದ್ದು ನೋಡಿಯೇ ಬಾಯಿಪಾಠ ಮಾಡಿದ್ದು.

ಜನವರಿಯಲ್ಲಿ ಎಣ್ಣೆಯ ಬೆಲೆ ನೆಲ ಕಚ್ಚಿತು. ಅದು 2016. ಅಪ್ಪ ಕೆಂಪಣ್ಣ ತೈಲ ಬಾವಿಗಳಿಗೆ ಪಂಪು ಒದಗಿಸುವ ಕಂಪನಿಯಲ್ಲಿ ಎಂಜಿನಿಯರು. ಅವರ ಆಫೀಸಿನಲ್ಲಿ ಪ್ರತಿ ಗುರುವಾರ ಯಾರಿಗಾದರೂ ಒಬ್ಬರಿಗೆ ಕೆಲಸದಿಂದ ತೆಗೆದ ಲೆಟರ್ ಬರುತ್ತಿತ್ತು. ಗುರುವಾರ ಸಂಜೆ ಅಪ್ಪ ಅಲ್ ಹೈಲ್‌ನ ಮನೆಯ ಬಾಗಿಲು ತೆರೆದು "ನಂದಲ್ಲ" ಎಂದ ಮೇಲೆಯೇ ಅಮ್ಮ ಕಾಫಿಗೆ ಇಡುತ್ತಿದ್ದಳು. ನಮ್ಮ ಬಿಲ್ಡಿಂಗಿನಲ್ಲೇ ನಾಲ್ಕು ಕುಟುಂಬಗಳು ಸೋಫಾ, ಫ್ರಿಜ್ಜು ಮಾರಿ ಊರಿಗೆ ಹೋದವು.

ಲೆಟರ್ ಬಂದದ್ದು ಸುಕೇಶನಿಗೆ. ಅವನು ವಾರವಿಡೀ ದುಡಿಯುತ್ತಿದ್ದ ಘಲಾದ ಗ್ಯಾರೇಜು ಮಾರ್ಚ್ ಕೊನೆಗೆ ಮುಚ್ಚುವುದಿತ್ತು. ಗ್ಯಾರೇಜಿನ ಯಜಮಾನನೇ ಅವನ ಕಫೀಲ್, ಸುಕೇಶನ ವೀಸಾ ಆತನ ಹೆಸರಿನಲ್ಲೇ. ಬೇರೆ ಕಡೆ ಸೇರಲು ಬೇಕಾದ ಒಪ್ಪಿಗೆ ಪತ್ರ, ಎನ್‌ಒಸಿ, ಆತ ಕೊಡುವುದಿಲ್ಲ ಎಂದುಬಿಟ್ಟ. ಎನ್‌ಒಸಿ ಇಲ್ಲದೆ ಒಮಾನ್ ಬಿಟ್ಟವನು ಎರಡು ವರ್ಷ ತಿರುಗಿ ಕೆಲಸಕ್ಕೆ ಬರುವ ಹಾಗಿಲ್ಲ.

ನಮ್ಮ ಟೀಮಿನ ಯಜಮಾನ ಮಹಮೂದ್ ಒಮಾನಿ, ಒಳ್ಳೆಯ ಮನುಷ್ಯ. ಅರ್ಧ ಹಿಂದಿ, ಅರ್ಧ ಅರಬ್ಬಿಯಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ. "ಚಾಂಪಿಯನ್‌ಷಿಪ್ ಗೆದ್ದರೆ ಟೀಮಿಗೆ ಹಣ ಹಾಕುವ ಸ್ಪಾನ್ಸರ್ ಉಳಿಯುತ್ತಾನೆ. ಅವನೇ ಕಫೀಲ್ ಹತ್ತಿರ ಮಾತಾಡಿ ಎನ್‌ಒಸಿ ತರುತ್ತಾನೆ. ಸುಕೇಶ್ ಟೀಮಿನಲ್ಲೇ ಕೆಲಸಕ್ಕೆ. ಸೋತರೆ ಖಲಾಸ್, ಟೀಮೂ ಇಲ್ಲ."

ಕೊನೆಯ ರೇಸಿಗೆ ಮುನ್ನ ನಾನೂ ಜೂಲಿಯನ್ ಎಂಬ ಹುಡುಗನೂ ಸಮ ಅಂಕದಲ್ಲಿದ್ದೆವು. ಇಬ್ಬರಲ್ಲಿ ಮುಂದೆ ಬಂದವರು ಚಾಂಪಿಯನ್. ಅಂದರೆ ಸುಕೇಶ್ ಇರುವುದೂ ಹೋಗುವುದೂ ನನ್ನ ಬಲಗಾಲಿನ ಕೆಳಗಿತ್ತು.

ಈಗ ಹೇಳುವುದಕ್ಕೆ ನಗಬೇಡಿ. ನಾನು ಮೂರನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಅಮ್ಮ ಪುಟ್ಟಲಕ್ಷ್ಮಮ್ಮ ಶುಕ್ರವಾರ ಉಪವಾಸ ಮಾಡಿದರೆ "ಚಾಮುಂಡಿಗೆ ನಿನ್ನ ಡಯಟ್ ಕಟ್ಕೊಂಡು ಏನಾಗ್ಬೇಕಮ್ಮ?" ಎಂದು ಕಾಡಿಸುತ್ತಿದ್ದವಳು. ಅಂಥವಳು ಗುರುವಾರ ಸಂಜೆ ದೇವರ ಪಟದ ಮುಂದೆ ನಿಂತು, ನಾಳೆ ರೇಸ್ ಮುಗಿಯುವ ತನಕ ಒಂದು ತೊಟ್ಟು ನೀರೂ ಕುಡಿಯುವುದಿಲ್ಲ, ಅವನು ಇಲ್ಲೇ ಇರಲಿ ತಾಯಿ, ಎಂದು ಹರಕೆ ಹೊತ್ತೆ. ಬೇರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸುಕೇಶ್ ಎಂದಿನಂತೆ ಕರೆದ. "ಬನ್ನಿ, ತೂಕ ನೋಡುವ."

ತಕ್ಕಡಿ ಹತ್ತಿದರೆ ಉಪವಾಸ ಗೊತ್ತಾಗುತ್ತದೆ. ಗೊತ್ತಾದರೆ ಬಾಯಿಗೆ ತುರುಕಿಯಾದರೂ ತಿನ್ನಿಸುತ್ತಾನೆ. ಹರಕೆ ಮುರಿಯುತ್ತದೆ.

"ನಾನೇ ನೋಡ್ಕೊಂಡೆ. ಐವತ್ತೆರಡೂವರೆ," ಎಂದೆ.

"ಯಾವಾಗ? ನಾನು ನೋಡ್ಲೇ ಇಲ್ಲ."

"ನನ್ನ ಮೇಲೆ ನಂಬಿಕೆ ಇಲ್ವಾ ನಿಮಗೆ?"

ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಐದು ತಿಂಗಳಲ್ಲಿ ನೇರವಾಗಿ ಹಾಗೆ ನೋಡಿದ್ದು ಅದೇ ಮೊದಲು. ಆಮೇಲೆ ಟೇಪ್ ಹರಿದು, ನಾನು ಹೇಳಿದ ಅಂಕಿಯನ್ನೇ ಬರೆದು ಅಂಟಿಸಿದ. ಅವನು ತಂದ ಬನ್ಸ್ ನನ್ನ ಬ್ಯಾಗಿನೊಳಗೆ ಹೋಯಿತು.

ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹನ್ನೆರಡು ಲ್ಯಾಪು. ಏಳನೆಯದರ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು; ಒಂಬತ್ತರಲ್ಲಿ ಎದುರಿನ ಗೋಡೆ ಎರಡೆರಡಾಗಿ ಕಂಡಿತು. ಹನ್ನೊಂದರಲ್ಲಿ, ತಿರುವಿನ ಹತ್ತಿರ, ಮುಂದಿದ್ದ ಜೂಲಿಯನ್ ಬ್ರೇಕನ್ನು ಸ್ವಲ್ಪ ಬೇಗ ತುಳಿದ. ನಾನು ತುಳಿಯಲಿಲ್ಲ. ಒಳಗಿನಿಂದ ನುಗ್ಗಿ ಮುಂದೆ ಬಂದೆ.

ಗೆದ್ದೆ. ಮಹಮೂದ್ ಗೋಡೆಯ ಮೇಲೆ ಹತ್ತಿ ಕುಣಿಯುತ್ತಿದ್ದ. ಸುಕೇಶ್ ಕುಣಿಯಲಿಲ್ಲ. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಗುತ್ತಾ ನಿಂತಿದ್ದ.

ಆಮೇಲೆ ತಕ್ಕಡಿ. ನಾನೂರ ಎಪ್ಪತ್ತೊಂಬತ್ತು ಕೆ.ಜಿ., ಆರುನೂರು ಗ್ರಾಂ.

ಎರಡನೆಯ ಸಲ ತೂಗಿದರು. ಅಷ್ಟೇ ಬಂತು.

ವಿಚಾರಣೆಯ ಕೋಣೆಯಲ್ಲಿ ಮುಖ್ಯ ಅಧಿಕಾರಿ ಆಂಡ್ರ್ಯೂ ಕೂತಿದ್ದ. ಹೆಸರಿಗೆ ಬ್ರಿಟಿಷ್, ಇಪ್ಪತ್ತು ವರ್ಷದಿಂದ ಮಸ್ಕತ್‌ನವನೇ. ಒಂದು ಕಡೆ ಮಹಮೂದ್, ಇನ್ನೊಂದು ಕಡೆ ನಾನು ಮತ್ತು ರೇಸ್ ನೋಡಲು ಬಂದಿದ್ದ ಅಪ್ಪ. ಬಾಗಿಲ ಹತ್ತಿರ ಸುಕೇಶ್. ನಾನು ಬಾಯಿ ತೆರೆಯುವ ಮೊದಲೇ ಅವನು ಇಂಗ್ಲಿಷಿನಲ್ಲಿ ಹೇಳಿಬಿಟ್ಟ.

"ತಪ್ಪು ನನ್ನದು ಸರ್. ಸೀಸ ಕಡಿಮೆ ಹಾಕಿದೆ. ಡ್ರೈವರಿಗೆ ಗೊತ್ತಿಲ್ಲ."

"ಬೇಕೆಂದೇ?" ಎಂದ ಆಂಡ್ರ್ಯೂ. "ಬೇಕೆಂದೇ ಮಾಡಿದ್ದರೆ ನಿಮ್ಮ ಮೆಕ್ಯಾನಿಕ್ ಲೈಸೆನ್ಸ್ ರದ್ದಾಗುತ್ತದೆ. ಮುಂದೆ ಯಾವ ದೇಶದ ಟೀಮೂ ನಿಮ್ಮನ್ನು ತೆಗೆದುಕೊಳ್ಳುವುದಿಲ್ಲ."

ಸುಕೇಶ್ ನೆಲ ನೋಡಿದ. "ಹೌದು ಅಂತ ಬರೆದುಕೊಳ್ಳಿ ಸರ್."

ಕೆಲಸ ಹೋಗಿತ್ತು, ವೀಸಾ ಹೋಗುತ್ತಿತ್ತು. ಉಳಿದಿದ್ದ ಒಂದೇ ಒಂದು ವಿದ್ಯೆಯನ್ನೂ ನನ್ನ ಸುಳ್ಳಿಗಾಗಿ ಒತ್ತೆಯಿಡುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಸುಳ್ಳು," ಎಂದೆ. "ಸೀಟ್ ಬಿಚ್ಚಿ ನೋಡಿ. ಸೀಸ ಸರಿಯಾಗಿದೆ. ಕಡಿಮೆ ಇರುವುದು ನಾನು."

ಬಿಚ್ಚಿದರು. ತಟ್ಟೆಗಳು ಲೆಕ್ಕಕ್ಕೆ ಸರಿಯಾಗಿದ್ದವು. ಎಲ್ಲರ ಮುಂದೆ ನಾನು ತಕ್ಕಡಿ ಹತ್ತಿದೆ. ಟೇಪಿನ ಮೇಲೆ ಐವತ್ತೆರಡೂವರೆ. ತಕ್ಕಡಿಯಲ್ಲಿ ಐವತ್ತೊಂದು ಚಿಲ್ಲರೆ.

"ನಿನ್ನೆಯಿಂದ ಏನೂ ತಿಂದಿಲ್ಲ, ಕುಡಿದಿಲ್ಲ. ಬೆಳಿಗ್ಗೆ ತೂಕ ನೋಡಿಕೊಂಡೆ ಎಂದು ಅವರಿಗೆ ಸುಳ್ಳು ಹೇಳಿದೆ," ಎಂದೆ.

ಆಂಡ್ರ್ಯೂ ಬರೆದುಕೊಂಡ. ಅವನಿಗೆ ಅಷ್ಟು ಸಾಕಿತ್ತು. ಅಪ್ಪನಿಗೆ ಸಾಕಾಗಲಿಲ್ಲ.

"ಯಾಕಮ್ಮ ಹಿತಾ, ಉಪವಾಸ ಮಾಡ್ದೆ? ಅಮ್ಮನ್ನೇ ಆಡ್ಕೊಳೋಳು ನೀನು."

ಆ ಕೋಣೆಯಲ್ಲಿ ಕನ್ನಡ ಗೊತ್ತಿದ್ದವರು ಮೂವರೇ.

"ಸುಕೇಶ್ ಇಲ್ಲೇ ಉಳೀಲಿ ಅಂತ, ಅಪ್ಪ. ಚಾಂಪಿಯನ್‌ಷಿಪ್ ನನಗೆ ಬೇಕಾಗಿದ್ದಿದ್ದೇ ಅದಕ್ಕೆ. ನನಗೆ ಇವರಂದ್ರೆ ಇಷ್ಟ. ತುಂಬ ಇಷ್ಟ."

ಬಾಗಿಲ ಹತ್ತಿರ ಏನೋ ಬಿತ್ತು. ಸುಕೇಶನ ಕೈಯಲ್ಲಿದ್ದ ಕ್ಯಾಪು. ಅದನ್ನು ಎತ್ತಿಕೊಳ್ಳಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

"ಏನು ಹೇಳಿದಳು?" ಎಂದು ಆಂಡ್ರ್ಯೂ ಅಪ್ಪನನ್ನು ಕೇಳಿದ.

ಅಪ್ಪ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ನಥಿಂಗ್ ಸರ್," ಎಂದರು. "ಫ್ಯಾಮಿಲಿ ಮ್ಯಾಟರ್."

ನನ್ನ ಫಲಿತಾಂಶ ರದ್ದಾಯಿತು. ಜೂಲಿಯನ್ ಚಾಂಪಿಯನ್. ಸುಕೇಶನ ಲೈಸೆನ್ಸ್ ಉಳಿಯಿತು. ಮಹಮೂದ್ ನನ್ನ ಮೇಲೆ ಕೂಗಾಡಬಹುದಿತ್ತು. "ಖಲಾಸ್ ಬೇಟಿ," ಎಂದಷ್ಟೇ ಹೇಳಿ, ಸುಕೇಶನ ಬೆನ್ನು ತಟ್ಟಿ ಹೊರಟುಹೋದ.

ಅಪ್ಪ ನನ್ನ ಕೈಗೆ ನೀರಿನ ಬಾಟಲ್ ಕೊಟ್ಟರು. "ಕಾರಲ್ಲಿ ಕೂತಿರ್ತೀನಿ. ಮಾತಾಡಿ ಬಾ," ಎಂದು, ಇಬ್ಬರ ಮುಖವನ್ನೂ ನೋಡದೆ ನಡೆದರು.

ಪಿಟ್‌ನಲ್ಲಿ ನಾವಿಬ್ಬರೇ. ಅವನು ಮೊದಲು ಬೈದ.

"ಯಾರು ಹೇಳಿದ್ದು ನಿಮಗೆ ಉಪವಾಸ ಮಾಡ್ಲಿಕ್ಕೆ? ಈ ಬಿಸಿಲಲ್ಲಿ, ನೀರಿಲ್ಲದೆ! ತಲೆ ತಿರುಗಿ ಗೋಡೆಗೆ ಹೊಡೀತಿದ್ರೆ ನಾನು ಎಂತ ಮಾಡ್ಬೇಕಿತ್ತು? ಹೇಳಿ, ಎಂತ ಮಾಡ್ಬೇಕಿತ್ತು?"

"ನೀವ್ಯಾಕೆ ಸುಳ್ಳು ಹೇಳಿದ್ರಿ?"

"ನಾನು ಹೇಗೂ ಹೋಗುವವ. ನಿಮ್ಮ ಹೆಸರು ಹಾಳಾಗುದು ಬೇಡ ಅಂತ." ಆಮೇಲೆ ಮೆಲ್ಲಗೆ, "ಬೆಳಿಗ್ಗೆ ನೀವು ನಂಬಿಕೆ ಇಲ್ವಾ ಅಂತ ಕೇಳಿದ್ರಲ್ಲ, ಆಗ ಮುಖ ನೋಡಿದೆ. ತುಟಿ ಒಣಗಿತ್ತು. ಗೊತ್ತಾಗ್ಬೇಕಿತ್ತು ನನಗೆ. ನಿಮ್ಮನ್ನು ನೋಡಿದ್ರೆ ನನಗೆ ಬೇರೆ ಎಂತದೂ ಗೊತ್ತಾಗುದಿಲ್ಲ, ಅದೇ ಪ್ರಾಬ್ಲಮ್."

ನಾನು ಅಳುತ್ತಿದ್ದೆ. ನನ್ನಿಂದಲೇ ಎಲ್ಲ ಹಾಳಾಗಿತ್ತು. ಅವನನ್ನು ಉಳಿಸಿಕೊಳ್ಳಲು ಹೋಗಿ ನಾನೇ ಕಳಿಸಿಕೊಡುತ್ತಿದ್ದೆ. ಅವನ ಗ್ರೀಸಿನ ಬೆರಳು ನನ್ನ ಕೆನ್ನೆಯ ಹತ್ತಿರ ಬಂದು, ಕೊಳೆಯಾದೀತೆಂದು ತಡೆಯಿತು. ನಾನೇ ಆ ಕೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡೆ.

"ಮೂವತ್ತೊಂದಕ್ಕೆ ಫ್ಲೈಟ್," ಎಂದ. "ಕಾರ್ಕಳದಲ್ಲಿ ಅಮ್ಮ ದಿನ ಎಣಿಸ್ತಾ ಇದ್ದಾರೆ. ಎರಡು ವರ್ಷ ನಾನು ಈ ಕಡೆ ತಲೆ ಹಾಕುವ ಹಾಗಿಲ್ಲ ಹಿತಾ. ಕಾಯಿರಿ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ."

ಹೊರಗೆ ಮೈಕಿನಲ್ಲಿ ಜೂಲಿಯನ್ ಹೆಸರು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಆ ಸದ್ದು ನಿಲ್ಲುವವರೆಗೂ ನಾನು ಯೋಚಿಸಿದೆ. ಇಡೀ ದಿನದಲ್ಲಿ ಸರಿಯಾಗಿ ಯೋಚಿಸಿದ್ದು ಆಗಲೇ.

"ಬ್ಯಾನ್ ಇರೋದು ಯಾರಿಗೆ?" ಎಂದೆ.

"ನನಗೆ."

"ನನಗೆ ಇಲ್ವಲ್ಲ? ಜೂನ್‌ನಲ್ಲಿ ಪರೀಕ್ಷೆ ಮುಗಿಯುತ್ತೆ. ಮಂಗಳೂರಿಗೆ ದಿನಾ ಫ್ಲೈಟ್ ಇದೆ."

ಗುಳಿ ಬಿದ್ದೂ ಬೀಳದ ಹಾಗೆ ಅವನ ಕೆನ್ನೆ ಅದುರಿತು. "ನಿಮ್ಮ ಅಪ್ಪ?"

"ಅಪ್ಪ ಫ್ಯಾಮಿಲಿ ಮ್ಯಾಟರ್ ಅಂದಿದ್ದು ನಿಮಗೆ ಕೇಳಿಸ್ಲಿಲ್ವಾ?"

ಅವನು ನಗಲು ಹೋದ, ಆಗಲಿಲ್ಲ. ಕಣ್ಣು ತುಂಬಿಕೊಂಡೇ ಕೇಳಿದ, "ಹಾಗಾದ್ರೆ ಅಮ್ಮನಿಗೆ ನಾನು ಎಂತ ಹೇಳುದು?"

"ಕೆಲಸ ಹೋಯ್ತು ಅಂತ ಹೇಳಿ," ಎಂದೆ. "ಆಮೇಲೆ, ಜೂನ್‌ನಲ್ಲಿ ಒಬ್ಬಳು ಬರ್ತಾಳೆ ಅಂತ ಹೇಳಿ."