ಅರಿವಳಿಕೆಯಲ್ಲಿ ಹಾಕಿದ ಸಹಿ

ಗ್ವೋಜ್ದೆನ್ ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ. ಆಸ್ಪತ್ರೆಯ ಕಾವಲುಗಾರ. ಒಂದು ಕಾಲಕ್ಕೆ ಪೊಲೀಸ್ ಠಾಣೆಯಲ್ಲಿ ನನ್ನ ಕೈಕೆಳಗಿದ್ದವನು.

"ಫೈಲ್ ಕೆಳಗಿಡಿ ಇನ್ಸ್‌ಪೆಕ್ಟ್ರೇ. ಕೈ ಮುರೀಬೇಕಾಗುತ್ತೆ."

"ಮುರಿ. ಮೂಳೆ ಡಾಕ್ಟ್ರು ಮೇಲಿನ ಮಹಡೀಲೇ ಇದಾರೆ."

ನಾನೀಗ ಪೊಲೀಸ್ ಅಲ್ಲ. ಸರ್ಬಿಯಾದಲ್ಲಿ, ಡ್ಯಾನ್ಯೂಬ್ ದಡದ ನಮ್ಮೂರ ಪುರಸಭೆಯಲ್ಲಿ ರೋಗಿಗಳ ಹಕ್ಕಿನ ಸಲಹೆಗಾರ. ಒಂದು ಮೇಜು, ಒಂದು ಮುದ್ರೆ, ಒಂದು ಕಾನೂನು ಪುಸ್ತಕ. ಸತ್ತವನ ಹೆಂಡತಿ ಕೇಳಿದರೆ ಫೈಲಿನ ಪ್ರತಿ ಕೊಡಲೇಬೇಕು ಎಂದು ಅದರಲ್ಲಿದೆ. ಗಂಡನ ಫೈಲನ್ನು ದೆಸಾಂಕಾ ಮೂರು ಸಲ ಕೇಳಿದ್ದಳು. ಮೂರು ಸಲವೂ 'ಸಿಗುತ್ತಿಲ್ಲ' ಎಂದಿದ್ದರು.

ನನಗೆ ಹತ್ತೇ ನಿಮಿಷದಲ್ಲಿ ಸಿಕ್ಕಿತು... ನೆಲಮಾಳಿಗೆಯಲ್ಲಿ, ಹಳೇ ಹಾಸಿಗೆಗಳ ಕೆಳಗೆ.

ಅವಳ ಗಂಡ ವುಕೋಟ ಪಿತ್ತಕೋಶದ ಕಲ್ಲು ತೆಗೆಸಲು ಬಂದಿದ್ದ. ಅವನನ್ನು ಕೇಳದೆ ಅರ್ಧ ಜಠರವನ್ನೂ ತೆಗೆದರು. ನಾಲ್ಕನೇ ದಿನ ಸತ್ತ. ಒಪ್ಪಿಗೆ ಪತ್ರದಲ್ಲಿ ಸಹಿಯೇನೋ ಇತ್ತು. ಸಮಯ ಹನ್ನೊಂದೂ ಹತ್ತು. ಅರಿವಳಿಕೆ ಕೊಟ್ಟದ್ದು ಒಂಬತ್ತಕ್ಕೆ.

ಪ್ರಜ್ಞೆಯಿಲ್ಲದವನು ಸಹಿ ಹಾಕಿದ್ದ.

ಮೊಣಕಾಲೆತ್ತಿ ಗ್ವೋಜ್ದೆನ್ ಹೊಟ್ಟೆಗೆ ಕೊಟ್ಟೆ. ಓಡಿದೆ. ಮೆಟ್ಟಿಲು, ಬಟ್ಟೆ ಗಾಡಿ, ಎಕ್ಸ್-ರೇ ಸಾಲು... ಹಿಂದೆ ಬೂಟಿನ ಸದ್ದು. ಓಡುತ್ತಲೇ ಮೊಬೈಲಿನಲ್ಲಿ ಆ ಹಾಳೆಯ ಫೋಟೋ ತೆಗೆದೆ. ಹೊರಬಾಗಿಲಿಗೆ ಬೀಗ. ಉಳಿದದ್ದು ನಿರ್ದೇಶಕರ ಕೋಣೆ. ನುಗ್ಗಿದೆ.

ಗ್ವೋಜ್ದೆನ್ ಬಾಗಿಲಲ್ಲೇ ನಿಂತ.

ಡಾಕ್ಟರ್ ಸ್ರೇತೆನ್ ಕಾಫಿ ಕುಡಿಯುತ್ತಿದ್ದರು. ವುಕೋಟನನ್ನು ಕೊಯ್ದವರೂ ಅವರೇ. ಫೈಲ್ ಮುಂದಿಟ್ಟೆ.

"ದೂರು ಕೊಡಿ. ನಿಮ್ಮ ಕಾನೂನಲ್ಲೇ ಇದೆಯಲ್ಲ," ಎಂದರು ತಣ್ಣಗೆ.

"ಯಾರಿಗೆ?"

"ಮೊದಲು ನನಗೇ. ವಿಚಾರಿಸಿ ಉತ್ತರ ಕೊಡ್ತೀನಿ." ಒಂದು ಗುಟುಕು ಕಾಫಿ. "ಅಂದ ಹಾಗೆ, ದೆಸಾಂಕಾ ಅವರು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ನಮ್ಮಲ್ಲೇ ಬರ್ತಾರಲ್ವಾ? ನಮ್ಮದು ಬಿಟ್ರೆ ಎಂಬತ್ತು ಕಿಲೋಮೀಟರ್ ದೂರ."

ಫೈಲ್ ಅವರ ಡ್ರಾಯರ್ ಸೇರಿತು. ಫೋಟೋ ನನ್ನ ಜೇಬಿನಲ್ಲಿತ್ತು.

ದೆಸಾಂಕಾ ಕೆಳಗಿನ ವಾರ್ಡಿನಲ್ಲಿ ಮಲಗಿದ್ದಳು. ತೋಳಿನಿಂದ ಯಂತ್ರಕ್ಕೆ ಎರಡು ಕೊಳವೆ. ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಇದು ಅವರ ಅಕ್ಷರ ಅಲ್ಲ."

"ಗೊತ್ತಕ್ಕ. ಕೋರ್ಟಿಗೆ ಹೋಗೋಣ."

"ಎಷ್ಟು ವರ್ಷ ಆಗುತ್ತೆ?"

"ಐದು... ಆರು."

ಅವಳು ಯಂತ್ರದ ಕಡೆ ನೋಡಿದಳು. ನರ್ಸ್ ಕಿವಿಗೊಟ್ಟು ನಿಂತಿದ್ದಳು.

"ಅಳಿಸಿಬಿಡಪ್ಪ. ನಾಡಿದ್ದು ನಾನು ಇಲ್ಲಿಗೇ ಬರಬೇಕು."

ಅವಳ ಕಣ್ಣೆದುರೇ ಅಳಿಸಿದೆ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಕಚೇರಿಗೆ ಒಬ್ಬ ಮುದುಕ ಬಂದ. ಕೈಯಲ್ಲಿ ಮಗಳ ಆಸ್ಪತ್ರೆ ಚೀಟಿಗಳು.

"ಸಾಹೇಬ್ರೇ, ಕಾನೂನು ನಮ್ಮ ಕಡೆ ಇದೆಯಾ?"

"ಪೂರ್ತಿ ಇದೆ," ಎಂದೆ. "ಬೇರೆ ಯಾರೂ ಇಲ್ಲ."